ಮನೆಯ ಮೊಲಕ್ಕೆ ಒಮ್ಮೆಯಾದರೂ ಮರಿ ಮಾಡಿಸಬೇಕೆ? ನಿರ್ಧರಿಸುವ ಮುನ್ನ ತಮ್ಮ ಅಭಿಪ್ರಾಯ ಬೇಕು

ಹೊಳೆದಂಡೆ (ದಾವಣಗೆರೆ):

ಎಲ್ಲರಿಗೂ ನಮಸ್ಕಾರ. ನಮ್ಮ ಮನೆಯಲ್ಲಿ ಚುಕ್ಕಿ ಎಂಬ ಹೆಣ್ಣುಮೊಲವಿದೆ. ವಯಸ್ಸು ಎರಡು ವರ್ಷ ನಾಲ್ಕು ತಿಂಗಳು, ತೂಕ ಎರಡು ಕಿಲೋಗಿಂತ ಸ್ವಲ್ಪ ಹೆಚ್ಚು. ಬಿಳಿ ಮೈ, ಬೆನ್ನುದ್ದಕ್ಕೂ ಕಪ್ಪು ಗೆರೆ, ಪಕ್ಕೆಗಳ ಮೇಲೆ ಚುಕ್ಕೆಗಳು, ಕಣ್ಣಿನ ಸುತ್ತ ಕಾಡಿಗೆ ತೀಡಿದ ಹಾಗೆ ಕಪ್ಪು ಉಂಗುರ. ಪಂಜರದಲ್ಲಿ ಇಟ್ಟಿಲ್ಲ, ಹಿಂದಿನ ಕೋಣೆ ಅವಳದೇ.

ಕಳೆದ ತಿಂಗಳು ಒಂದು ದಿನ ಬೆಳಿಗ್ಗೆ ಅವಳು ಬಾಯಿತುಂಬ ಒಣಹುಲ್ಲನ್ನು ಅಡ್ಡಲಾಗಿ ಕಚ್ಚಿಕೊಂಡು ಕೋಣೆಯ ಮೂಲೆಯಿಂದ ಮೂಲೆಗೆ ಓಡಾಡುತ್ತಿದ್ದಳು. ಸಂಜೆಯ ಹೊತ್ತಿಗೆ ಗಂಟಲ ಕೆಳಗಿನ ಮೆತ್ತನೆಯ ಕೂದಲನ್ನು ತಾನೇ ಹಲ್ಲಿನಿಂದ ಕಿತ್ತು, ಹಳೆಯ ರಟ್ಟಿನ ಡಬ್ಬಿಯಲ್ಲಿ ಹುಲ್ಲಿನ ಮೇಲೆ ಹಾಸಿ, ಅದರ ಮುಂದೆ ಕುಳಿತಿದ್ದಳು. ಗಂಡುಮೊಲದ ಸಂಪರ್ಕವೇ ಅವಳಿಗೆ ಇಲ್ಲ. ಎರಡು ದಿನ ಆ ಖಾಲಿ ಗೂಡನ್ನು ಕಾದು, ಮೂರನೆಯ ದಿನ ಅದನ್ನು ಮರೆತಳು. ಅದನ್ನು ಕಂಡ ನಮ್ಮ ಅತ್ತೆಯವರು, "ಹೆಣ್ಣುಜೀವ, ಒಂದ್ಸಲ ಆದ್ರೂ ಮರಿ ಮುಖ ಕಾಣಬೇಕವ್ವ, ಅದರ ಹೊಟ್ಟೆ ಉರಿ ನಮಗ್ಯಾಕೆ" ಎಂದರು. ಆ ಮಾತು ಮನಸ್ಸಿನಿಂದ ಹೋಗುತ್ತಿಲ್ಲ. ಪಕ್ಕದ ಮನೆಯವರಲ್ಲಿ ಚುಕ್ಕಿಯಂತೆಯೇ ಕಾಣುವ ಗಂಡುಮೊಲವಿದೆ, ಅವರೂ ಒಪ್ಪಿದ್ದಾರೆ. ಮರಿ ಬೇಕೆಂದು ನೆಂಟರಿಷ್ಟರಲ್ಲಿ ಹನ್ನೊಂದು ಮನೆಯವರು ಹೇಳಿದ್ದಾರೆ. ಮಾರುವ ಉದ್ದೇಶ ನಮಗಿಲ್ಲ. ಒಂದೇ ಒಂದು ಸಲ, ಸರಿಯಾದ ರೀತಿಯಲ್ಲಿ, ಜವಾಬ್ದಾರಿಯಿಂದ ಮರಿ ಮಾಡಿಸಬಹುದೇ ಎಂಬುದಷ್ಟೇ ನನ್ನ ಪ್ರಶ್ನೆ. ಅನುಭವವುಳ್ಳವರು ಮುಚ್ಚುಮರೆಯಿಲ್ಲದೆ ಹೇಳಿದರೆ ಉಪಕಾರವಾಗುತ್ತದೆ.

ಗರಿಕೆ (ಶಿರಸಿ):

ಹೊಳೆದಂಡೆಯವರೇ, ನಾನು ಒಮ್ಮೆ ಮರಿ ಮಾಡಿಸಿದವಳು. ಮಾಡಬಾರದು ಎಂದು ಉಪದೇಶಿಸುವುದು ಸುಲಭ. ಹಾಗಾಗಿ ನಮ್ಮ ಮನೆಯಲ್ಲಿ ಏನೇನು ನಡೆಯಿತು ಎಂಬುದನ್ನೇ ಬರೆಯುತ್ತೇನೆ.

ನಮ್ಮ ಹೆಣ್ಣುಮೊಲಕ್ಕೆ ಆಗ ಹತ್ತು ತಿಂಗಳು. ಮೊಲದ ಗರ್ಭಾವಸ್ಥೆ ಸುಮಾರು ಮೂವತ್ತೊಂದು ದಿನ, ಒಂದು ದಿನ ಹಿಂದೆ ಮುಂದೆ ಆಗಬಹುದು. ಇಪ್ಪತ್ತೆಂಟನೆಯ ದಿನಕ್ಕೆ ಮರದ ಪೆಟ್ಟಿಗೆ ಇಟ್ಟು ಒಣಹುಲ್ಲು ತುಂಬಿದೆವು. ಮೂವತ್ತೊಂದನೆಯ ದಿನ ನಸುಕಿನಲ್ಲಿ ಆರು ಮರಿ ಹಾಕಿತು. ಹುಟ್ಟಿದ ಮರಿಗೆ ಮೈಮೇಲೆ ಕೂದಲಿರುವುದಿಲ್ಲ, ಕಣ್ಣು ಮುಚ್ಚಿರುತ್ತದೆ, ಹೆಬ್ಬೆರಳಿಗಿಂತ ತುಸು ದೊಡ್ಡದಾದ ಗುಲಾಬಿ ಬಣ್ಣದ ಜೀವ ಅದು. ಕಣ್ಣು ಬಿಡಲು ಹತ್ತು ಹನ್ನೆರಡು ದಿನ ಬೇಕು. ತಾಯಿ ಮೊಲ ನಾಯಿ ಬೆಕ್ಕುಗಳ ಹಾಗೆ ಮರಿಗಳ ಪಕ್ಕದಲ್ಲಿ ಮಲಗುವುದಿಲ್ಲ. ದಿನಕ್ಕೆ ಒಂದು ಸಲ, ಹೆಚ್ಚೆಂದರೆ ಎರಡು ಸಲ, ಅದೂ ಮೂರು ನಾಲ್ಕು ನಿಮಿಷ ಮಾತ್ರ ಬಂದು ಹಾಲೂಡಿಸಿ ಹೊರಟುಹೋಗುತ್ತದೆ. ಗೂಡಿನ ವಾಸನೆ ಬೇಟೆಯಾಡುವ ಪ್ರಾಣಿಗಳಿಗೆ ತಿಳಿಯದಿರಲಿ ಎಂದು ಮೊಲದ ವಂಶಕ್ಕೆ ಬಂದ ಗುಣ ಇದು. ಇದು ತಿಳಿಯದವರು ತಾಯಿ ಮರಿಗಳನ್ನು ತೊರೆದಿದೆ ಎಂದು ಗಾಬರಿಬಿದ್ದು ಹಸುವಿನ ಹಾಲು ಕುಡಿಸಲು ಹೋಗಿ ಮರಿಗಳನ್ನು ಕಳೆದುಕೊಳ್ಳುತ್ತಾರೆ. ಮನುಷ್ಯರು ಮುಟ್ಟಿದರೆ ತಾಯಿ ಸೇರಿಸುವುದಿಲ್ಲ ಎಂಬ ಮಾತೂ ನಿಜವಲ್ಲ. ಸಾಕಿದ ಮೊಲಕ್ಕೆ ನಮ್ಮ ಕೈಯ ವಾಸನೆ ಪರಿಚಿತವಾಗಿರುತ್ತದೆ.

ನಾನು ಪ್ರತಿದಿನ ಬೆಳಿಗ್ಗೆ ಅಡುಗೆಮನೆಯ ತಕ್ಕಡಿಯಲ್ಲಿ ಒಂದೊಂದೇ ಮರಿಯನ್ನು ತೂಗಿ ಪುಸ್ತಕದಲ್ಲಿ ಬರೆದಿಡುತ್ತಿದ್ದೆ. ಹಾಲು ಕುಡಿದ ಮರಿಯ ಹೊಟ್ಟೆ ಬುಗ್ಗೆಯ ಹಾಗೆ ಉಬ್ಬಿರುತ್ತದೆ, ತೆಳು ಚರ್ಮದ ಒಳಗೆ ಹಾಲಿನ ಬಿಳುಪು ಪಟ್ಟಿಯಂತೆ ಕಾಣಿಸುತ್ತದೆ. ಕುಡಿಯದ ಮರಿಯ ಚರ್ಮ ಮುದುಕರ ಮೊಣಕೈಯಂತೆ ಸುಕ್ಕುಗಟ್ಟುತ್ತದೆ. ನಾಲ್ಕನೆಯ ದಿನ ಅತಿ ಚಿಕ್ಕ ಮರಿಯ ತೂಕ ಏರಲಿಲ್ಲ. ತಾಯಿಯನ್ನು ತೊಡೆಯ ಮೇಲೆ ಹಿಡಿದುಕೊಂಡು ಅದೊಂದಕ್ಕೇ ಬೇರೆಯಾಗಿ ಕುಡಿಸಿದೆ. ಆರನೆಯ ದಿನ ಅದು ತೀರಿಕೊಂಡಿತು. ಉಳಿದ ಐದು ಬದುಕಿದವು.

ಐದು ಮರಿಗಳಿಗಾಗುವಷ್ಟು ಮನೆ ಗೊತ್ತುಮಾಡಿಕೊಂಡ ಮೇಲೆಯೇ ನಾವು ಹೆಣ್ಣನ್ನು ಗಂಡಿನ ಬಳಿ ಬಿಟ್ಟದ್ದು. ಅದರಲ್ಲಿ ಎರಡು ಮನೆಯವರು ಮರಿಗಳು ಎಂಟು ವಾರ ತುಂಬುವ ಹೊತ್ತಿಗೆ ಹಿಂಜರಿದರು. ಇಂದಿಗೂ ಆ ಎರಡು ನನ್ನ ಬಳಿಯೇ ಇವೆ. ಒಳ್ಳೆಯ ಆರೈಕೆಯಲ್ಲಿ ಮೊಲ ಎಂಟು ಹತ್ತು ವರ್ಷ ಬದುಕುತ್ತದೆ. ನಾನು ಪಶ್ಚಾತ್ತಾಪ ಪಡುತ್ತಿಲ್ಲ, ಏಕೆಂದರೆ ಐದನ್ನೂ ನಾನೇ ಇಟ್ಟುಕೊಳ್ಳಬಲ್ಲಷ್ಟು ಜಾಗ ಹಿತ್ತಲಲ್ಲಿತ್ತು ಮತ್ತು ಆ ಎರಡು ತಿಂಗಳು ನಾನು ಮನೆಯಲ್ಲೇ ಇದ್ದೆ. ಆ ಎರಡೂ ಇಲ್ಲದಿದ್ದರೆ ನಾನು ಈ ಕೆಲಸಕ್ಕೆ ಕೈ ಹಾಕುತ್ತಿರಲಿಲ್ಲ.

ಬಿಸಿಲುನಾಡು (ಕಲಬುರಗಿ):

ಶಿರಸಿಯವರ ಅನುಭವ ಶಿರಸಿಯ ಹವೆಗೆ ಸರಿ. ನಮ್ಮ ಕಡೆ ಮೇ ತಿಂಗಳಲ್ಲಿ ನಲವತ್ತು ಡಿಗ್ರಿ ದಾಟುತ್ತದೆ. ಮೊಲ ಬೆವರುವುದಿಲ್ಲ, ಅದರ ಮೈಶಾಖ ಹೊರಹೋಗುವುದು ಮುಖ್ಯವಾಗಿ ಕಿವಿಗಳ ಮೂಲಕ. ಮೂವತ್ತು ಡಿಗ್ರಿ ಸಮೀಪಿಸಿದರೇ ಅದಕ್ಕೆ ಸಂಕಟ. ದಿನಗಟ್ಟಲೆ ಸೆಕೆಯಲ್ಲಿದ್ದ ಗಂಡುಮೊಲ ಕೆಲವು ವಾರ ಫಲವನ್ನೇ ಕೊಡುವುದಿಲ್ಲ. ತುಂಬುಗರ್ಭದ ಮೊಲಕ್ಕಂತೂ ಇನ್ನೂ ಕಷ್ಟ. ನಮ್ಮ ಮನೆಯಲ್ಲಿ ಗರ್ಭಿಣಿ ಮೊಲವೊಂದು ಏಪ್ರಿಲ್ ಕೊನೆಯಲ್ಲಿ ಮಧ್ಯಾಹ್ನ ಎರಡು ಗಂಟೆ ಕರೆಂಟು ಹೋಗಿದ್ದಾಗ ಸತ್ತಿತು. ನಾನು ಕೆಲಸಕ್ಕೆ ಹೋಗಿದ್ದೆ. ಹಿಂದಿರುಗಿದಾಗ ಅದು ನಾನು ತೋಯಿಸಿಟ್ಟಿದ್ದ ಗೋಣಿಚೀಲದ ಮೇಲೆ ಕಾಲು ಚಾಚಿ ಮಲಗಿತ್ತು, ಚೀಲ ಒಣಗಿಹೋಗಿತ್ತು. ಹೊಟ್ಟೆಯಲ್ಲಿ ಎಷ್ಟು ಮರಿಗಳಿದ್ದವೋ ನನಗೆ ತಿಳಿಯದು.

ದಾವಣಗೆರೆಯ ಬೇಸಿಗೆಯೂ ಸಣ್ಣದಲ್ಲ. ಒಂದು ವೇಳೆ ಮಾಡಿಸುವುದೇ ಆದರೆ ಮರಿಗಳು ಡಿಸೆಂಬರ್ ಒಳಗೆ ಹುಟ್ಟಿ, ಫೆಬ್ರವರಿಯ ಹೊತ್ತಿಗೆ ಹಾಲು ಬಿಟ್ಟಿರುವಂತೆ ಲೆಕ್ಕ ಹಾಕಿಕೊಳ್ಳಿ.

ತೋಟದಮನೆ (ಚಿಕ್ಕಬಳ್ಳಾಪುರ):

ನಾನು ಕೆಲವು ವರ್ಷ ಮೊಲ ಸಾಕಣೆಯನ್ನೇ ಕಸುಬಾಗಿ ಮಾಡಿದವನು. ಸೋವಿಯತ್ ಚಿಂಚಿಲ್ಲಾ, ವೈಟ್ ಜೈಂಟ್ ತಳಿಗಳು ನಮ್ಮಲ್ಲಿದ್ದವು. ಕೊಡೈಕನಾಲ್ ಹತ್ತಿರದ ಮನ್ನವನೂರಿನಲ್ಲಿ ಕೇಂದ್ರ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ದಕ್ಷಿಣ ಭಾರತದ ಕೇಂದ್ರವಿದೆ, ಈ ತಳಿಗಳ ಮೇಲೆ ಅಲ್ಲಿ ಕೆಲಸ ನಡೆಯುತ್ತದೆ. ಕಸುಬಿನವರು ಏನು ಮಾಡುತ್ತಾರೆ ಎಂಬುದು ನಿಮಗೆ ಉಪಯೋಗಕ್ಕೆ ಬರಬಹುದು. ಪ್ರತಿ ಮೊಲಕ್ಕೂ ಒಂದು ಚೀಟಿ ಇರುತ್ತದೆ. ತಂದೆ ಯಾರು, ತಾಯಿ ಯಾರು, ಒಡಹುಟ್ಟಿದವು ಎಷ್ಟು, ಯಾವುದಕ್ಕೆ ಹಲ್ಲಿನ ದೋಷ ಬಂತು, ಯಾವುದು ಹಾಲು ಬಿಡುವ ಹೊತ್ತಿಗೆ ಭೇದಿಯಾಗಿ ಸತ್ತಿತು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಆ ಚೀಟಿ ಇಲ್ಲದ ಮೊಲವನ್ನು ನಾವು ತಳಿ ಬೆಳೆಸಲು ಇಟ್ಟುಕೊಳ್ಳುತ್ತಿರಲಿಲ್ಲ. ಅಂಗಡಿಯಿಂದ ತಂದ ಮೊಲಕ್ಕೆ ಆ ಚರಿತ್ರೆಯೇ ಇರುವುದಿಲ್ಲ. ಚುಕ್ಕಿಯನ್ನೂ ಪಕ್ಕದ ಮನೆಯ ಗಂಡನ್ನೂ ಎಲ್ಲಿಂದ ತಂದದ್ದು ಎಂದು ತಿಳಿಸಿ.

ಇನ್ನೊಂದು ಮಾತು. ಜೋಡಿ ಮಾಡಿಸುವಾಗ ಹೆಣ್ಣನ್ನು ಗಂಡಿನ ಜಾಗಕ್ಕೆ ಒಯ್ಯಬೇಕು. ಹೆಣ್ಣಿನ ಜಾಗಕ್ಕೆ ಗಂಡನ್ನು ಬಿಟ್ಟರೆ ಅದು ತನ್ನ ಗಡಿಯನ್ನು ಕಾಯಲು ಮೇಲೆರಗಿ ಗಾಯ ಮಾಡುತ್ತದೆ. ಕೆಲಸ ಮುಗಿದೊಡನೆ ಬೇರೆ ಮಾಡಬೇಕು. ಮರಿ ಹಾಕಿದ ದಿನವೇ ಹೆಣ್ಣುಮೊಲ ಮತ್ತೆ ಗಬ್ಬವಾಗಬಲ್ಲದು. "ಒಂದೇ ಸಲ" ಎಂದುಕೊಂಡವರ ಮನೆಯಲ್ಲಿ ತಿಂಗಳು ಕಳೆಯುವುದರೊಳಗೆ ಎರಡನೆಯ ಸೂಲು ಆಗುವುದು ಹೀಗೆ.

ಹಾಸನದ ಪಶುವೈದ್ಯೆ:

ಹೊಳೆದಂಡೆಯವರು ಬರೆದ ಮೊದಲ ಚಿತ್ರದಿಂದಲೇ ಆರಂಭಿಸುತ್ತೇನೆ, ಏಕೆಂದರೆ ಇಡೀ ನಿರ್ಧಾರ ಅದರ ಮೇಲೆ ನಿಂತಿದೆ ಎಂದು ನನಗೆ ಕಾಣುತ್ತದೆ.

ಹುಲ್ಲು ಹೊರುವುದು, ಕೂದಲು ಕಿತ್ತು ಗೂಡು ಕಟ್ಟುವುದು ಸುಳ್ಳು ಗರ್ಭದ ಲಕ್ಷಣಗಳು. ಹಸುವಿಗೆ, ನಾಯಿಗೆ ನಿಯತವಾಗಿ ಬೆದೆ ಬರುವಂತೆ ಮೊಲಕ್ಕೆ ಬರುವುದಿಲ್ಲ. ಮೊಲದ ಅಂಡ ಬಿಡುಗಡೆಯಾಗುವುದು ಕೂಡಿದ ಮೇಲೆ, ಸುಮಾರು ಹತ್ತು ಹನ್ನೆರಡು ಗಂಟೆಗಳ ನಂತರ. ಆದರೆ ಗಂಡಿಲ್ಲದಿದ್ದರೂ ಬೇರೆ ಮೊಲದ ವಾಸನೆ ಬಂದಾಗ, ಬೆನ್ನನ್ನು ಪದೇ ಪದೇ ನೇವರಿಸಿದಾಗ, ಇನ್ನೊಂದು ಹೆಣ್ಣು ಮೇಲೇರಿದಾಗಲೂ ಅದೇ ಪ್ರಚೋದನೆ ಆಗಬಹುದು. ಆಗ ದೇಹ ಗರ್ಭ ನಿಂತಿದೆ ಎಂದೇ ತಿಳಿದು ಹದಿನಾರು ಹದಿನೆಂಟು ದಿನ ಆ ರೀತಿ ನಡೆದು, ಕೊನೆಯಲ್ಲಿ ಗೂಡು ಕಟ್ಟಿಸುತ್ತದೆ. ಪಕ್ಕದ ಮನೆಯ ಗಂಡುಮೊಲದ ವಾಸನೆ ನಿಮ್ಮ ಸೀರೆಯ ಅಂಚಿನಲ್ಲೇ ಬಂದಿರಬಹುದು. ತಮ್ಮ ಅತ್ತೆಯವರ ಮರುಕ ನಿಜವಾದದ್ದು, ಅದನ್ನು ನಾನು ಗೌರವಿಸುತ್ತೇನೆ. ಆದರೆ ಚುಕ್ಕಿ ಆ ಮೂರು ದಿನ ಅನುಭವಿಸಿದ್ದು ಹಾರ್ಮೋನಿನ ಏರಿಳಿತ. ಒಮ್ಮೆ ಮರಿ ಹಾಕಿದರೆ ಅದು ನಿಲ್ಲುವುದಿಲ್ಲ, ಮುಂದಿನ ತಿಂಗಳು ಮತ್ತೆ ಬರಬಹುದು. ಗರ್ಭಕೋಶ ಮತ್ತು ಅಂಡಾಶಯ ತೆಗೆಸಿದರೆ ನಿಲ್ಲುತ್ತದೆ.

ಶಸ್ತ್ರಚಿಕಿತ್ಸೆಗೆ ಇನ್ನೂ ದೊಡ್ಡ ಕಾರಣವಿದೆ. ಮೂರು ನಾಲ್ಕು ವರ್ಷ ದಾಟಿದ ಹೆಣ್ಣುಮೊಲಗಳಲ್ಲಿ ಗರ್ಭಕೋಶದ ಕ್ಯಾನ್ಸರ್ ಬಹಳ ಸಾಮಾನ್ಯ. ಮೊಲದ ರೋಗಗಳಲ್ಲಿ ನನ್ನನ್ನು ಅತಿ ಹೆಚ್ಚು ನೋಯಿಸುವುದು ಇದು, ಏಕೆಂದರೆ ಮೂತ್ರದಲ್ಲಿ ರಕ್ತ ಕಂಡು ನನ್ನ ಬಳಿ ಕರೆತರುವ ಹೊತ್ತಿಗೆ ಅದು ಶ್ವಾಸಕೋಶಕ್ಕೆ ಹಬ್ಬಿರುವುದೂ ಉಂಟು. ಒಮ್ಮೆ ಹೆತ್ತರೆ ಈ ರೋಗ ಬರುವುದಿಲ್ಲ ಎಂದು ಜನ ನಂಬಿದ್ದಾರೆ. ಅದು ಸರಿಯಲ್ಲ. ಹೆತ್ತ ಮೊಲಕ್ಕೂ ಹೆರದ ಮೊಲಕ್ಕೂ ಅದೇ ಅಪಾಯ.

ವಯಸ್ಸಿನ ವಿಚಾರದಲ್ಲಿ ಸಾಮಾನ್ಯವಾಗಿ ಒಂದು ಗೊಂದಲವಿದೆ. ತಡವಾಗಿ ಮೊದಲ ಸಲ ಗರ್ಭ ಧರಿಸಿದರೆ ಸೊಂಟದ ಮೂಳೆ ಬೆಸೆದುಕೊಂಡು ಹೆರಿಗೆಯೇ ಆಗುವುದಿಲ್ಲ ಎಂಬ ಮಾತು ಗಿನಿಪಿಗ್‌ಗಳಿಗೆ ಸಂಬಂಧಿಸಿದ್ದು, ಅದನ್ನು ಮೊಲಕ್ಕೆ ಅನ್ವಯಿಸಬಾರದು. ಹಾಗಿದ್ದರೂ ಎರಡು ವರ್ಷ ದಾಟಿ, ಮೈಯಲ್ಲಿ ಕೊಬ್ಬು ಸೇರಿದ ಮೊಲಕ್ಕೆ ಮೊದಲ ಹೆರಿಗೆ ಹಗುರವಾಗಿರುವುದಿಲ್ಲ. ಗರ್ಭದ ಕೊನೆಯ ವಾರದಲ್ಲಿ ಮೇವು ಬಿಟ್ಟು ಕೂತರೆ ಒಂದೆರಡು ದಿನಗಳಲ್ಲೇ ಪ್ರಾಣ ಹೋಗಬಹುದು. ರಾತ್ರಿ ಎರಡು ಗಂಟೆಗೆ ಮೊಲದ ಸಿಸೇರಿಯನ್ ಮಾಡಬಲ್ಲ ವೈದ್ಯರು ನಿಮ್ಮ ಊರಿನಲ್ಲಿ ಇದ್ದಾರೆಯೇ ಎಂದು ಮೊದಲೇ ಕೇಳಿ ತಿಳಿದುಕೊಳ್ಳಿ. ನಮ್ಮ ರಾಜ್ಯದ ಹೆಚ್ಚಿನ ಊರುಗಳಲ್ಲಿ ಉತ್ತರ "ಇಲ್ಲ" ಎಂದೇ ಬರುತ್ತದೆ, ನಾನು ಕೆಲಸ ಮಾಡುವ ಊರೂ ಇದಕ್ಕೆ ಹೊರತಲ್ಲ.

ಇನ್ನು ತಮ್ಮ ಮೊಲದ ಬಣ್ಣ. ಗೆರೆ ಮತ್ತು ಚುಕ್ಕೆಯ ಈ ಮೈಬಣ್ಣ ಬರುವುದು ಚುಕ್ಕೆಯ ವಂಶವಾಹಿಯ ಒಂದು ಪ್ರತಿಯಿಂದ. ಎರಡೂ ಮೊಲಗಳಿಗೆ ಇದೇ ಬಣ್ಣವಿದ್ದರೆ ಸರಾಸರಿ ನಾಲ್ಕು ಮರಿಗಳಲ್ಲಿ ಒಂದಕ್ಕೆ ಎರಡೂ ಕಡೆಯಿಂದ ಅದೇ ಪ್ರತಿ ಸಿಗುತ್ತದೆ. ಅಂಥ ಮರಿ ಹೆಚ್ಚುಕಡಿಮೆ ಪೂರ್ತಿ ಬಿಳಿಯಾಗಿ, ಕಿವಿ ಮೂಗಿನ ಬಳಿ ಮಾತ್ರ ಬಣ್ಣ ಹೊತ್ತು, ನೋಡಲು ಬಲು ಮುದ್ದಾಗಿ ಹುಟ್ಟುತ್ತದೆ. ಬೆಳೆಯುತ್ತ ಹೋದಂತೆ ಅಂಥವುಗಳಲ್ಲಿ ಹಲವಕ್ಕೆ ದೊಡ್ಡ ಕರುಳು ಹಿಗ್ಗಿ, ಚಲನೆ ಕುಂದಿ, ಹಿಕ್ಕೆಗಳು ದೊಡ್ಡದಾಗಿ ಆಕಾರಗೆಟ್ಟು ಬೀಳುತ್ತವೆ. ಅದಕ್ಕೆ ವಾಸಿಯಾಗುವ ಔಷಧವಿಲ್ಲ, ಜೀವಮಾನವಿಡೀ ಆರೈಕೆ ಬೇಕು. ನೀವು ವರ್ಣಿಸಿದ ಜೋಡಿಯ ವಿಷಯದಲ್ಲಿ ಇದೊಂದೇ ಕಾರಣ ನನಗೆ ಸಾಕು.

ಪಂಜರದಾಚೆ (ಬೆಂಗಳೂರು):

ವೈದ್ಯೆಯವರಿಗೆ ಧನ್ಯವಾದಗಳು. ನಾನು ಬಿಟ್ಟುಹೋದ ಮೊಲಗಳನ್ನು ಮನೆಗೆ ತಂದು, ಚೇತರಿಸಿಕೊಂಡ ಮೇಲೆ ಬೇರೆ ಮನೆ ಹುಡುಕಿಕೊಡುವ ಕೆಲಸವನ್ನು ಕೆಲವು ಗೆಳೆಯರ ಜೊತೆ ಮಾಡುತ್ತೇನೆ. ಮಕ್ಕಳ ಪರೀಕ್ಷೆ ಹತ್ತಿರ ಬಂದಾಗ, ಬಾಡಿಗೆ ಮನೆ ಬದಲಿಸುವಾಗ, ಬೇಸಿಗೆ ರಜೆಯಲ್ಲಿ ಊರಿಗೆ ಹೊರಡುವಾಗ ಉದ್ಯಾನಗಳಲ್ಲಿ, ಕೆರೆ ದಂಡೆಯಲ್ಲಿ ಮೊಲಗಳು ಸಿಗುತ್ತವೆ. ಬಿಟ್ಟುಹೋದವರು ಹುಲ್ಲು ಇದೆ, ಕಾಡುಮೊಲದ ಹಾಗೆ ಬದುಕಿಕೊಳ್ಳುತ್ತದೆ ಎಂದು ತಮ್ಮನ್ನು ತಾವೇ ಸಮಾಧಾನಪಡಿಸಿಕೊಂಡಿರುತ್ತಾರೆ. ನಮ್ಮ ಹೊಲಗಳ ಕಾಡುಮೊಲ ಬೇರೆಯೇ ಪ್ರಾಣಿ. ಅದರ ಮರಿ ಮೈತುಂಬ ಕೂದಲಿಟ್ಟುಕೊಂಡು ಕಣ್ಣು ಬಿಟ್ಟುಕೊಂಡೇ ಹುಟ್ಟುತ್ತದೆ, ಅದು ಬಿಲ ತೋಡುವುದಿಲ್ಲ, ಸಾಕುಮೊಲದ ಜೊತೆ ಅದರ ಸಂತಾನವಾಗುವುದಿಲ್ಲ. ಸಾಕುಮೊಲದ ಮೂಲ ಯೂರೋಪಿನ ಐಬೀರಿಯದ ಕಡೆಯದು. ಬೆಂಗಳೂರಿನ ಉದ್ಯಾನದಲ್ಲಿ ಅದು ನಾಯಿ, ಬೆಕ್ಕು, ಹದ್ದುಗಳ ಬಾಯಿಗೆ ಒಂದೆರಡು ದಿನದಲ್ಲಿ ಬೀಳುತ್ತದೆ. ಹಸಿವು ಬಾಯಾರಿಕೆಗಳಿಂದ ನರಳುವಂತೆ ಸಾಕುಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೆಯ ಕಲಮಿನಂತೆ ಅಪರಾಧ. 2018ರ ಸಾಕುಪ್ರಾಣಿ ಅಂಗಡಿ ನಿಯಮಗಳಲ್ಲಿ ಮೊಲವೂ ಸೇರಿದೆ, ಅಂಗಡಿಯವರು ರಾಜ್ಯ ಪ್ರಾಣಿ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಕೊಳ್ಳುವವರಲ್ಲಿ ಆ ನೋಂದಣಿ ಪತ್ರವನ್ನು ಕೇಳಿದವರನ್ನು ನಾನು ಕಂಡಿಲ್ಲ.

ಹೊಳೆದಂಡೆಯವರೇ, ಹನ್ನೊಂದು ಮನೆಯವರು ಬೇಕು ಎಂದಿದ್ದಾರೆ ಎಂಬುದೇ ನನ್ನನ್ನು ಹೆಚ್ಚು ಯೋಚನೆಗೀಡು ಮಾಡಿದ ಸಂಗತಿ. ಅವರಿಗೆ ಒಂದು ಪತ್ರ ಬರೆದು ನೋಡಿ. ಮೊಲ ಎಂಟು ಹತ್ತು ವರ್ಷ ಬದುಕುತ್ತದೆ, ಅದರ ಹಲ್ಲು ಜೀವನವಿಡೀ ಬೆಳೆಯುತ್ತಲೇ ಇರುವುದರಿಂದ ಕ್ಯಾರೆಟ್ ಮತ್ತು ಅನ್ನದ ಬದಲು ದಿನವಿಡೀ ಹುಲ್ಲು ಬೇಕು, ಪಂಜರದಲ್ಲಿ ಕೂಡಿಹಾಕುವಂತಿಲ್ಲ, ನಾಲ್ಕೈದು ತಿಂಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಲೇಬೇಕು, ಸಾಕಲಾಗದಿದ್ದರೆ ನಿಮಗೇ ಹಿಂದಿರುಗಿಸಬೇಕು ಎಂದು ಬರೆಯಿರಿ. ಬರುವ ಉತ್ತರವನ್ನು ಇಲ್ಲಿ ತಿಳಿಸಿ.

ಗರಿಕೆ (ಶಿರಸಿ):

ಇದಕ್ಕೆ ಒಂದು ಮಾತು ಸೇರಿಸುತ್ತೇನೆ. ಮರಿಗಳ ಗಂಡು ಹೆಣ್ಣು ಗುರುತಿಸುವುದು ಎಂಟನೆಯ ವಾರದಲ್ಲಿ ಕಷ್ಟ. ಅಂಗಡಿಯವರು "ಎರಡೂ ಹೆಣ್ಣು" ಎಂದು ಕೊಟ್ಟ ಜೋಡಿ ಗಂಡು ಹೆಣ್ಣಾಗಿರುವುದು ತೀರ ಸಾಮಾನ್ಯ. ನಾನೂ ಒಂದು ಮರಿಯ ವಿಷಯದಲ್ಲಿ ತಪ್ಪಿದೆ. ಹನ್ನೊಂದನೆಯ ವಾರದಲ್ಲಿ ಅದರ ಬೀಜಗಳು ಕೆಳಗಿಳಿದಾಗಲೇ ತಿಳಿದದ್ದು. ಅಷ್ಟರಲ್ಲಿ ಅದನ್ನು ತಂಗಿಯಿಂದ ಬೇರೆ ಮಾಡಿದ್ದು ನನ್ನ ಪುಣ್ಯ. ನಾಲ್ಕು ತಿಂಗಳಿಗೇ ಪ್ರಾಯಕ್ಕೆ ಬರುವ ಪ್ರಾಣಿಯಲ್ಲಿ ಒಂದು ವಾರದ ಅಲಕ್ಷ್ಯವೂ ಇನ್ನೊಂದು ಸೂಲಿಗೆ ದಾರಿ.

ಹೊಳೆದಂಡೆ (ದಾವಣಗೆರೆ):

ಎಲ್ಲರಿಗೂ ಋಣಿ. ಉತ್ತರ ತಡವಾದದ್ದಕ್ಕೆ ಕ್ಷಮೆಯಿರಲಿ. ನೀವು ಹೇಳಿದ್ದನ್ನೆಲ್ಲ ಒಂದೊಂದಾಗಿ ಮಾಡಿನೋಡಲು ಮೂರು ವಾರ ಬೇಕಾಯಿತು.

ತೋಟದಮನೆಯವರು ಕೇಳಿದ್ದಕ್ಕೆ ಉತ್ತರ ಮೊದಲು. ಪಕ್ಕದ ಮನೆಯವರನ್ನು ವಿಚಾರಿಸಿದೆ. ಚುಕ್ಕಿಯನ್ನು ತಂದ ಅಂಗಡಿಯಿಂದಲೇ, ಅದೇ ವಾರದಲ್ಲಿ ಅವರೂ ತಂದಿದ್ದಾರೆ. ನಮ್ಮಿಬ್ಬರ ಮಕ್ಕಳು ಒಬ್ಬರನ್ನು ನೋಡಿ ಒಬ್ಬರು ಹಠ ಹಿಡಿದ ದಿನಗಳವು. ಎರಡರ ಮೈಮೇಲೂ ಒಂದೇ ರೀತಿಯ ಗೆರೆ. ಒಂದೇ ತಾಯಿಯ ಮರಿಗಳಾಗಿರುವ ಸಾಧ್ಯತೆಯೇ ಹೆಚ್ಚು. ಇಷ್ಟು ದಿನ ಆ ಹೋಲಿಕೆಯನ್ನು ನೋಡಿ ನಾವು ಜೋಡಿ ಚೆನ್ನಾಗಿದೆ ಎಂದು ಸಂತೋಷಪಡುತ್ತಿದ್ದೆವು.

ಪತ್ರವನ್ನೂ ಕಳಿಸಿದೆ. ಹನ್ನೊಂದು ಮನೆಗಳಲ್ಲಿ ಆರು ಮನೆಯವರು ಉತ್ತರಿಸಲೇ ಇಲ್ಲ. ಒಬ್ಬರು ಫೋನ್ ಮಾಡಿ, ಶಸ್ತ್ರಚಿಕಿತ್ಸೆ ಎಲ್ಲ ಯಾಕೆ, ನಮ್ಮಲ್ಲೂ ಮರಿ ಆದರೆ ನಾವೂ ಹಂಚಬಹುದಲ್ಲ ಎಂದರು. ಇನ್ನಿಬ್ಬರು, ಮಕ್ಕಳಿಗೆ ರಜೆಯಲ್ಲಿ ಆಟಕ್ಕೆ ಸಾಕು ಎಂದು ನೇರವಾಗಿಯೇ ಹೇಳಿದರು, ಅವರ ಪ್ರಾಮಾಣಿಕತೆಗೆ ನಾನು ಕೃತಜ್ಞಳು. ಷರತ್ತುಗಳಿಗೆಲ್ಲ ಒಪ್ಪಿದವರು ಇಬ್ಬರು. ಅವರಲ್ಲಿ ಒಬ್ಬರ ಮನೆಗೆ ಹೋಗಿ ನೋಡಿದೆ, ತಾರಸಿಯ ಮೇಲೆ ತಗಡಿನ ಚಾವಣಿಯ ಕೆಳಗೆ ಪಾರಿವಾಳದ ಹಳೆಯ ಗೂಡನ್ನು ತೊಳೆದು ಸಿದ್ಧಮಾಡಿಟ್ಟಿದ್ದರು. ಆ ತಗಡಿನ ಕೆಳಗೆ ಕೈಯಿಟ್ಟಾಗ ಬಿಸಿಲುನಾಡಿನವರ ಒಣಗಿದ ಗೋಣಿಚೀಲ ನೆನಪಾಯಿತು. ಹಾಗಾಗಿ ಉಳಿದದ್ದು ಒಂದು ಮನೆ. ಹುಟ್ಟಬಹುದಾದ ಮರಿಗಳು ಐದೋ ಆರೋ ಏಳೋ.

ಕೊನೆಗೆ ಎರಡೂ ಮೊಲಗಳನ್ನು ಶಿವಮೊಗ್ಗಕ್ಕೆ, ಮೊಲಗಳನ್ನು ನೋಡಿ ಅನುಭವವಿರುವ ವೈದ್ಯರ ಬಳಿಗೆ ಒಯ್ದೆವು. ಗಂಡುಮೊಲದ ತುಟಿ ಎತ್ತಿ ಅವರು ನಮಗೂ ತೋರಿಸಿದರು. ಮೇಲಿನ ಮುಂಭಾಗದ ಹಲ್ಲು ಕೆಳಗಿನದರ ಮೇಲೆ ತುಸು ಮುಂದಾಗಿ ಕೂರಬೇಕಂತೆ. ಅದರದು ಅಂಚಿಗೆ ಅಂಚು ತಾಗಿ ನಿಂತಿತ್ತು. ಇನ್ನೂ ತೊಂದರೆಯಾಗಿಲ್ಲ, ಆದರೆ ಇದು ವಂಶದಲ್ಲಿ ಇಳಿಯುವ ದೋಷ, ಮರಿಗಳಲ್ಲಿ ಹೆಚ್ಚಾಗಿ ಕಾಣಿಸಬಹುದು ಎಂದರು. ಹಲ್ಲು ಸವೆಯದೆ ಬೆಳೆದು ಬಾಯಿ ಮುಚ್ಚಲಾಗದ ಮೊಲದ ಒಂದು ಚಿತ್ರವನ್ನು ತೋರಿಸಿದಾಗ ನಮ್ಮ ಅತ್ತೆಯವರು ಬಹಳ ಹೊತ್ತು ಮಾತಾಡಲಿಲ್ಲ. ಬಸ್ಸಿನಲ್ಲಿ ಹಿಂದಿರುಗುವಾಗ ಹೊನ್ನಾಳಿ ದಾಟಿದ ಮೇಲೆ ಅವರೇ, "ಹಂಗಾದ್ರ ಅದಕ್ಕೊಂದು ಜೊತಿ ಬೇಕಷ್ಟ, ಮರಿ ಬ್ಯಾಡ" ಎಂದರು.

ಆದ್ದರಿಂದ ಮರಿ ಮಾಡಿಸುವುದಿಲ್ಲ. ಎರಡಕ್ಕೂ ಶಸ್ತ್ರಚಿಕಿತ್ಸೆ ಮಾಡಿಸಿ, ಒಂದೇ ಕಡೆ ಜೊತೆಯಾಗಿ ಸಾಕಬೇಕೆಂದು ಎರಡೂ ಮನೆಯವರು ಮಾತಾಡಿಕೊಂಡಿದ್ದೇವೆ. ಇದರಲ್ಲಿ ನಾವು ಗಮನಿಸಬೇಕಾದದ್ದು ಏನಾದರೂ ಇದ್ದರೆ ತಿಳಿಸಿ.

ಹಾಸನದ ಪಶುವೈದ್ಯೆ:

ಮೂರು ವಾರ ಇಷ್ಟು ಶ್ರದ್ಧೆಯಿಂದ ವಿಚಾರಿಸಿದ ನಿಮಗೂ, ಮನಸ್ಸು ಬದಲಿಸಿದ ತಮ್ಮ ಅತ್ತೆಯವರಿಗೂ ನನ್ನ ನಮಸ್ಕಾರ.

ಗಂಡಿಗೆ ಮೊದಲು ಮಾಡಿಸಿ, ಅದು ಸಣ್ಣ ಶಸ್ತ್ರಚಿಕಿತ್ಸೆ. ಆದರೆ ಆಮೇಲೂ ನಾಲ್ಕರಿಂದ ಆರು ವಾರ ಅದಕ್ಕೆ ಗರ್ಭ ನಿಲ್ಲಿಸುವ ಶಕ್ತಿ ಉಳಿದಿರಬಹುದು, ಚುಕ್ಕಿಯದು ಆಗುವವರೆಗೆ ಬೇರೆಯಾಗಿಯೇ ಇಡಿ. ಇಬ್ಬರೂ ಚೇತರಿಸಿಕೊಂಡ ಮೇಲೆ ಎರಡಕ್ಕೂ ಹೊಸದಾದ ಜಾಗದಲ್ಲಿ, ದಿನಕ್ಕೆ ಸ್ವಲ್ಪ ಸ್ವಲ್ಪ ಹೊತ್ತು ಎದುರಾಬದುರು ಬಿಡಿ. ಅವಸರಪಡಿಸಬೇಡಿ, ಕೆಲವು ಜೋಡಿಗೆ ವಾರಗಳೇ ಹಿಡಿಯುತ್ತವೆ.

ಶಸ್ತ್ರಚಿಕಿತ್ಸೆಯ ಹಿಂದಿನ ರಾತ್ರಿ ಮೊಲವನ್ನು ಉಪವಾಸ ಕೆಡವಬೇಡಿ. ನಾಯಿ ಬೆಕ್ಕುಗಳಿಗೆ ವಾಂತಿಯ ಭಯದಿಂದ ಆಹಾರ ನಿಲ್ಲಿಸುತ್ತೇವೆ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯೇ ಇಲ್ಲ, ಅದರ ಕರುಳು ಚಲಿಸುತ್ತಲೇ ಇರಬೇಕು. ಯಾವ ವೈದ್ಯರಾದರೂ ರಾತ್ರಿಯಿಡೀ ಏನನ್ನೂ ಕೊಡಬೇಡಿ ಎಂದರೆ ಅವರಿಗೆ ಮೊಲದ ಅನುಭವ ಕಡಿಮೆ ಎಂದು ತಿಳಿದು ಇನ್ನೊಬ್ಬರನ್ನು ವಿಚಾರಿಸಿ. ಅಮಾಕ್ಸಿಸಿಲಿನ್ ಔಷಧವನ್ನು ಬಾಯಿಯ ಮೂಲಕ ಎಂದಿಗೂ ಕೊಡಬಾರದು, ಅದು ಮೊಲದ ಕರುಳಿನ ಸೂಕ್ಷ್ಮಜೀವಿಗಳನ್ನು ಕೆಡಿಸಿ ಕೊಲ್ಲುತ್ತದೆ. ನೋವು ನಿವಾರಕವನ್ನು ತಪ್ಪದೆ ಕೇಳಿ ಪಡೆಯಿರಿ, ನೋವಿನಲ್ಲಿರುವ ಮೊಲ ಮೇಯುವುದಿಲ್ಲ. ಮನೆಗೆ ಬಂದ ಮೇಲೆ ಹೊಲಿಗೆಗಿಂತ ಹೆಚ್ಚಾಗಿ ಹಿಕ್ಕೆಯನ್ನು ನೋಡಿ. ಹನ್ನೆರಡು ಗಂಟೆಯಾದರೂ ಏನನ್ನೂ ತಿನ್ನದಿದ್ದರೆ, ಹಿಕ್ಕೆ ಹಾಕದಿದ್ದರೆ ಬೆಳಗಾಗಲಿ ಎಂದು ಕಾಯದೆ ವೈದ್ಯರಿಗೆ ಫೋನ್ ಮಾಡಿ.

ಗರಿಕೆ (ಶಿರಸಿ):

ಅವಳು ದಿನವೂ ಮೇಯುವ ಹುಲ್ಲನ್ನೇ ಒಂದು ಚೀಲ ಜೊತೆಗೆ ಒಯ್ಯಿರಿ. ಎಚ್ಚರವಾದೊಡನೆ ಮೂಗಿನ ಹತ್ತಿರ ಕೊತ್ತಂಬರಿ ಸೊಪ್ಪು ಹಿಡಿಯಿರಿ. ನನ್ನ ಎರಡಕ್ಕೂ ಹುಲ್ಲಿಗಿಂತ ಮೊದಲು ಬಾಯಿ ತೆರೆಸಿದ್ದು ಅದರ ವಾಸನೆ. ಹಾಸಲು ಅವಳದೇ ಹಳೆಯ ಗೋಣಿಯ ತುಂಡೊಂದು ಇರಲಿ.

ಹೊಳೆದಂಡೆ (ದಾವಣಗೆರೆ):

ಗಂಡಿಗೆ ಮಾಡಿಸಿ ಏಳು ವಾರವಾಯಿತು. ಚುಕ್ಕಿಯದು ಈ ದಿನ ಬೆಳಿಗ್ಗೆ ಮುಗಿಯಿತು. ಮಧ್ಯಾಹ್ನ ಮೂರಕ್ಕೆ ಮನೆಗೆ ಕರೆತಂದೆವು. ಸಂಜೆಯವರೆಗೂ ಮೂಲೆಯಲ್ಲಿ ಮುದುಡಿ ಕುಳಿತಿದ್ದಳು, ಹುಲ್ಲನ್ನು ಮೂಸಿ ಮುಖ ತಿರುಗಿಸಿದಳು. ಅತ್ತೆಯವರು ಪಕ್ಕದಲ್ಲಿ ಚಾಪೆ ಹಾಕಿಕೊಂಡು ಕೊತ್ತಂಬರಿಯ ಒಂದೊಂದೇ ಎಸಳನ್ನು ಹಿಡಿದು ಕೂತರು. ಒಂಬತ್ತು ಗಂಟೆಗೆ ಮೊದಲ ಎಸಳು ತಿಂದಳು. ಈಗ ರಾತ್ರಿ ಹನ್ನೊಂದೂವರೆ. ಗೋಣಿಯ ಮೇಲೆ ನಾಲ್ಕು ಹಿಕ್ಕೆಗಳು ಬಿದ್ದಿವೆ. ಚಿಕ್ಕವು, ಆದರೆ ದುಂಡಗಿವೆ.